ಬಲಿಪೀಠದ ಪಕ್ಕದ ಮನೆಯವರ ಪ್ರಶ್ನೆ

ಪ್ರಶ್ನೆ: ವಂದನೀಯ ಫಾದರ್, ನನಗೆ 49 ವರ್ಷ. ಮಂಡ್ಯದಲ್ಲಿ ನಮ್ಮ ಮನೆ ಇರುವುದು ಚರ್ಚಿನ ಕಾಂಪೌಂಡಿನ ಪಕ್ಕದಲ್ಲೇ. ಮದುವೆಯಾಗಿ ಬಂದ ವರ್ಷದಿಂದ, ಅಂದರೆ 26 ವರ್ಷಗಳಿಂದ, ಗಾನವೃಂದದಲ್ಲಿ ಹಾಡುತ್ತಿದ್ದೇನೆ. ಶನಿವಾರ ಸಂಜೆ ಬಲಿಪೀಠಕ್ಕೆ ಹೂ ಜೋಡಿಸುವುದು, ಬಲಿಪೀಠದ ಬಟ್ಟೆಗಳನ್ನು ಒಗೆದು ಇಸ್ತ್ರಿ ಮಾಡುವುದು ನನ್ನ ಕೆಲಸ. ನಮ್ಮ ಯಜಮಾನರು ಪಾಲನಾ ಸಮಿತಿಯಲ್ಲಿದ್ದಾರೆ. ಹಬ್ಬದ ತೇರಿನ ಮುಂದೆ ನಿಲ್ಲುವವರೂ ನಾವೇ. ಆದರೆ ಎರಡು ವರ್ಷದಿಂದ ಪೂಜೆಯಲ್ಲಿ ನನ್ನ ಮನಸ್ಸಿಗೆ ಏನೂ ಆಗುತ್ತಿಲ್ಲ. ಬಾಯಿ ಹಾಡುತ್ತದೆ, ಕಣ್ಣು ಹೂವು ಬಾಡಿದೆಯೇ ಎಂದು ನೋಡುತ್ತಿರುತ್ತದೆ. ಗಾನವೃಂದದವರೆಲ್ಲ ಮೈಸೂರಿನ ಸಂತ ಫಿಲೋಮಿನಾ ಚರ್ಚಿಗೆ ಹೋಗಿದ್ದಾಗ ಅಲ್ಲಿನ ನೆಲಮಾಳಿಗೆಯಲ್ಲಿ ಅಕ್ಕಪಕ್ಕದವರು ಕಣ್ಣೀರಿಡುತ್ತಿದ್ದರು, ನಾನು ಕಲ್ಲಿನ ಹಾಗೆ ನಿಂತಿದ್ದೆ. ನನ್ನ ಓರಗಿತ್ತಿ ಮದ್ದೂರು ತಾಲ್ಲೂಕಿನ ಹಳ್ಳಿಯಲ್ಲಿ ಹಾಸಿಗೆ ಹಿಡಿದ ನಮ್ಮ ಅತ್ತೆಯನ್ನು ನೋಡಿಕೊಂಡಿದ್ದಾಳೆ. ಅವಳು ವರ್ಷಕ್ಕೆ ನಾಲ್ಕೈದು ಸಲ ಪೂಜೆಗೆ ಬಂದರೆ ಹೆಚ್ಚು. ಬಂದರೂ ಬಾಗಿಲ ಹತ್ತಿರದ ಕೊನೆಯ ಬೆಂಚಿನಲ್ಲಿ ಕೂತು ಹೋಗುತ್ತಾಳೆ. ಆದರೆ ಅವಳು ಕಣ್ಣು ಮುಚ್ಚಿ ಪ್ರಾರ್ಥಿಸುವಾಗ ಆ ಮುಖವೇ ಬೇರೆ. ನೋಡಿದರೆ ನನಗೆ ಹೊಟ್ಟೆಕಿಚ್ಚಾಗುತ್ತದೆ. (ಅವರ ಮನೆಗೆ ನಾನು ಮೂರು ವರ್ಷದಿಂದ ಹೋಗಿಲ್ಲ, ಯಜಮಾನರು ಮಾತ್ರ ತಿಂಗಳಿಗೊಮ್ಮೆ ದುಡ್ಡು ಕೊಟ್ಟು ಬರುತ್ತಾರೆ. ಆ ವಿಷಯ ಇಲ್ಲಿ ಬೇಡ.) ತುಟಿಯಿಂದ ಹತ್ತಿರ, ಮನಸ್ಸಿನಿಂದ ದೂರ ಎನ್ನುವ ಶುಭಸಂದೇಶ ಕೇಳಿದ ದಿನದಿಂದ ಅದು ನನಗೇ ಹೇಳಿದ್ದು ಅನ್ನಿಸುತ್ತಿದೆ. ಒಬ್ಬರು, ಯಾವುದೋ ಪಾಪ ಅಡ್ಡ ನಿಂತಿದೆ ಎನ್ನುತ್ತಾರೆ. ಇನ್ನೊಬ್ಬರು ಒಂಬತ್ತು ಮಂಗಳವಾರ ಡೋರ್ನಹಳ್ಳಿಯ ಸಂತ ಅಂತೋಣಿಯವರ ಕ್ಷೇತ್ರಕ್ಕೆ ಹೋಗು ಎನ್ನುತ್ತಾರೆ. ಪ್ರಾರ್ಥನಾ ಕೂಟದವರು ಒಬ್ಬ ಬೋಧಕರಿಂದ ತಲೆಯ ಮೇಲೆ ಕೈ ಇಡಿಸಿಕೊಂಡರೆ ಸರಿಹೋಗುತ್ತದೆ ಎನ್ನುತ್ತಾರೆ. ನಾನು ಕಪಟಿಯೇ? ಈ ಕೆಲಸಗಳನ್ನೆಲ್ಲ ಬಿಟ್ಟು ಮನೆಯಲ್ಲೇ ಕೂತು ಮನಸಾರೆ ಪ್ರಾರ್ಥನೆ ಮಾಡುವುದು ಮೇಲಲ್ಲವೇ?

ಉತ್ತರ: ಸಹೋದರಿ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನೀವು ಕೇಳಿರುವುದು ಎರಡು ಪ್ರಶ್ನೆ: ಮನಸ್ಸು ಬತ್ತಿರುವಾಗ ಮಾಡುವ ಆರಾಧನೆ ಕಪಟವೇ, ಮತ್ತು ಹೊರಗಿನ ಸೇವೆಗಳನ್ನು ಬಿಟ್ಟರೆ ಒಳಗಿನ ಭಕ್ತಿ ಮರಳುತ್ತದೆಯೇ. ಕೇಳದೆ ಆವರಣ ಚಿಹ್ನೆಯೊಳಗೆ ಇಟ್ಟುಬಿಟ್ಟ ಮಾತೊಂದು ಇದೆ. ಅದನ್ನು ಬೇಡವೆಂದಿದ್ದೀರಿ, ಆದರೂ ಕೊನೆಯಲ್ಲಿ ಅಲ್ಲಿಗೆ ಬರುತ್ತೇನೆ, ಕ್ಷಮಿಸಿ.

ಮೊದಲು ಕಪಟಿ ಎಂಬ ಪದ. ಶುಭಸಂದೇಶದ ಮೂಲ ಗ್ರೀಕಿನಲ್ಲಿ ಆ ಜಾಗದಲ್ಲಿರುವ ಪದಕ್ಕೆ ರಂಗದ ಮೇಲೆ ವೇಷ ಹಾಕಿ ನಟಿಸುವವನು ಎಂದು ಅರ್ಥ. ನಿಮ್ಮ ಸೀಮೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕಗಳು ಇಂದಿಗೂ ನಡೆಯುವುದರಿಂದ ಇದು ನಿಮಗೆ ಸುಲಭವಾಗಿ ತಿಳಿಯುತ್ತದೆ. ಬಣ್ಣ ಹಚ್ಚಿಕೊಂಡವನು ನೋಡುವವರಿಗಾಗಿ ಅಳುತ್ತಾನೆ, ನೋಡುವವರು ಇಲ್ಲದಿದ್ದರೆ ಅಳುವುದಿಲ್ಲ, ಮತ್ತು ತನ್ನ ಅಳು ಸುಳ್ಳೆಂದು ಅವನಿಗೆ ಸಂಕಟವೇನೂ ಆಗುವುದಿಲ್ಲ. ಯೇಸುಸ್ವಾಮಿ ಬೈದದ್ದು ಆ ಸಂಕಟವೇ ಇಲ್ಲದವರನ್ನು. ಬೀದಿಯ ಮೂಲೆಯಲ್ಲಿ ನಿಂತು ಪ್ರಾರ್ಥಿಸಿದವರಿಗೆ ಜನರ ಮೆಚ್ಚುಗೆ ಸಿಕ್ಕಿತು. ಅವರು ಬಯಸಿದ್ದೂ ಅದನ್ನೇ ಆದ್ದರಿಂದ ಲೆಕ್ಕ ಅಲ್ಲಿಗೇ ಚುಕ್ತಾ ಆಯಿತು. ನಿಮಗೆ ಆ ಲೆಕ್ಕ ಚುಕ್ತಾ ಆಗಿಲ್ಲ. ತೇರಿನ ಮುಂದಿನ ಜಾಗ ಸಿಕ್ಕಿದ ಮೇಲೂ ಏನೋ ಸಿಗಲಿಲ್ಲ ಎಂದು ಬರೆದಿದ್ದೀರಿ. ನಲವತ್ತು ವರ್ಷ ಪಾಪನಿವೇದನೆ ಕೇಳಿದ ಅನುಭವದಿಂದ ಹೇಳುವುದಾದರೆ, ತಾನು ಕಪಟಿಯಾಗಿರಬಹುದು ಎಂದು ಹೆದರಿ ಬಂದವರಲ್ಲಿ ನಿಜವಾದ ಕಪಟವನ್ನು ನಾನು ಕಂಡದ್ದು ತೀರಾ ಕಡಿಮೆ.

ಎರಡನೆಯದಾಗಿ, ಮನಸ್ಸು ಅಥವಾ ಹೃದಯ ಎಂದರೆ ಏನು ಎಂಬಲ್ಲಿ ನಮ್ಮಲ್ಲಿ ದೊಡ್ಡ ಗೊಂದಲವಿದೆ. ಇಂದು ಹೃದಯ ಎಂದ ಕೂಡಲೇ ಕಣ್ಣೀರು, ಪುಲಕ, ಗಂಟಲು ಬಿಗಿಯುವುದು ನೆನಪಾಗುತ್ತದೆ. ತುಟಿಯಿಂದ ಹತ್ತಿರ, ಮನಸ್ಸಿನಿಂದ ದೂರ ಎಂಬ ಮಾತು ಮೂಲತಃ ಯೆಶಾಯ ಪ್ರವಾದಿಯದು. ಅವರು ಬಳಸಿದ ಹೀಬ್ರೂ ಭಾಷೆಯಲ್ಲಿ ಹೃದಯವು ಪ್ರಧಾನವಾಗಿ ಆಲೋಚನೆಯ, ತೀರ್ಮಾನದ, ನಿಷ್ಠೆಯ ಸ್ಥಾನ; ಉಕ್ಕುವ ಭಾವಗಳಿಗೆ ಆ ಜನ ಕರುಳನ್ನೂ ಮೂತ್ರಪಿಂಡಗಳನ್ನೂ ಹೆಸರಿಸುತ್ತಿದ್ದರು. ನಮ್ಮ ಹಿಂದಿನ ಅನುವಾದಕರಿಗೆ ಈ ಸೂಕ್ಷ್ಮ ಗೊತ್ತಿತ್ತು ಎಂದು ಕಾಣುತ್ತದೆ. ಬೆಟ್ಟದ ಪ್ರಸಂಗದಲ್ಲಿ ಮೂಲ ಗ್ರೀಕು ಹೃದಯ ಎಂದಿರುವ ಕಡೆ ಕನ್ನಡ ಸತ್ಯವೇದ ‘ನಿರ್ಮಲಚಿತ್ತರು ಧನ್ಯರು’ ಎಂದು ಚಿತ್ತ ಪದವನ್ನು ಇಟ್ಟಿತು. ಚಿತ್ತ ಎಂದರೆ ಕಣ್ಣೀರಿನ ಅಳತೆಯಲ್ಲವಲ್ಲ; ಯಾವ ಕಡೆಗೆ ಮುಖ ಮಾಡಿದ್ದೇವೆ ಎಂಬುದು. ನೀವು ಕೇಳಿದ ಶುಭಸಂದೇಶದಲ್ಲಿಯೂ, ಅಂದರೆ ಮಾರ್ಕನ 7ನೇ ಅಧ್ಯಾಯದಲ್ಲಿ, ತುಟಿಯ ಭಕ್ತಿಯ ಮಾತು ಎತ್ತಿದ ಮೇಲೆ ಯೇಸುಸ್ವಾಮಿ ಕೊಡುವ ಉದಾಹರಣೆ ಪ್ರಾರ್ಥನೆಯಲ್ಲಿ ಕಣ್ಣೀರು ಬರಲಿಲ್ಲ ಎಂಬುದಲ್ಲ. ದೇವರಿಗೆ ಮುಡಿಪು ಎಂದು ಹೇಳಿ ಹೆತ್ತವರಿಗೆ ಸಲ್ಲಬೇಕಾದ ನೆರವನ್ನು ತಪ್ಪಿಸಿಕೊಂಡವರ ಉದಾಹರಣೆ ಅದು. ಇದನ್ನು ಸದ್ಯಕ್ಕೆ ಮನಸ್ಸಿನಲ್ಲಿಟ್ಟುಕೊಳ್ಳಿ.

ಹಾಗಾದರೆ ಈ ಬರಗಾಲ ಏಕೆ ಬರುತ್ತದೆ? ಹದಿನಾರನೆಯ ಶತಮಾನದಲ್ಲಿ ಲೊಯೋಲದ ಸಂತ ಇಗ್ನಾಸಿಯವರು ಇದಕ್ಕೆ ಮೂರು ಕಾರಣಗಳನ್ನು ಹೇಳಿದರು, ಇಂದಿಗೂ ಆಧ್ಯಾತ್ಮಿಕ ಮಾರ್ಗದರ್ಶನ ಮಾಡುವವರು ಅಲ್ಲಿಂದಲೇ ಹೊರಡುತ್ತೇವೆ. ಒಂದು, ನಮ್ಮದೇ ಅಲಕ್ಷ್ಯ. ಎರಡು, ಕೂಲಿ ಸಿಗದಿದ್ದಾಗಲೂ ನಾವು ಎಷ್ಟು ದೂರ ನಡೆಯುತ್ತೇವೆ ಎಂಬ ಪರೀಕ್ಷೆ. ಮೂರು, ಭಕ್ತಿಯ ಸವಿ ನಮ್ಮ ಸ್ವಂತ ಗಳಿಕೆಯಲ್ಲ, ಅದು ಕೊಟ್ಟದ್ದು ಎಂದು ತಿಳಿಯಲಿ ಎಂಬುದು. ಮೂರರಲ್ಲಿ ಒಂದು ಮಾತ್ರ ನಮ್ಮ ತಪ್ಪು ಎಂಬುದನ್ನು ಗಮನಿಸಿ. ಪಾಪ ಅಡ್ಡ ನಿಂತಿದೆ ಎಂದು ನಿಮಗೆ ಹೇಳಿದವರು ಆ ಒಂದನ್ನೇ ಹಿಡಿದು ಉಳಿದೆರಡನ್ನು ಬಿಟ್ಟರು. ಕೊಲ್ಕತ್ತದ ಮದರ್ ತೆರೇಸಾ ತಮ್ಮ ಮಾರ್ಗದರ್ಶಕರಿಗೆ ಬರೆದಿದ್ದ ಪತ್ರಗಳು ಅವರು ತೀರಿಕೊಂಡು ಹತ್ತು ವರ್ಷಗಳಾದ ಮೇಲೆ, 2007ರಲ್ಲಿ, ಪ್ರಕಟವಾದಾಗ ಜಗತ್ತಿಗೆ ಆಶ್ಚರ್ಯವಾಯಿತು: ಸುಮಾರು ಐವತ್ತು ವರ್ಷ ಅವರಿಗೆ ಪ್ರಾರ್ಥನೆಯಲ್ಲಿ ದೇವರ ಸಾನ್ನಿಧ್ಯದ ಅನುಭವವೇ ಹೆಚ್ಚುಕಡಿಮೆ ಇರಲಿಲ್ಲ. ಬೆಳಗಿನ ಪೂಜೆಯಾದ ಮೇಲೆ ರೋಗಿಗಳ ಕಡೆಗೆ ಹೊರಡುವುದನ್ನು ಅವರು ನಿಲ್ಲಿಸಲಿಲ್ಲ. 2016ರಲ್ಲಿ ಧರ್ಮಸಭೆ ಅವರನ್ನು ಸಂತರೆಂದು ಘೋಷಿಸಿತು. ಎರಡು ವರ್ಷ ಏನೂ ಅನ್ನಿಸಲಿಲ್ಲ ಎಂಬ ಕಾರಣಕ್ಕೆ ನಿಮ್ಮನ್ನು ಯಾರಾದರೂ ದೂರದವರು ಎಂದರೆ ಈ ಮಾತನ್ನು ಅವರಿಗೆ ನೆನಪಿಸಿ.

ನನ್ನದೇ ಒಂದು ಮಾತು ಹೇಳಿದರೆ ತಪ್ಪಿಲ್ಲ. ಇಡೀ ಚರ್ಚಿನಲ್ಲಿ ಬಲಿಪೀಠಕ್ಕೆ ಅತಿ ಹತ್ತಿರ ನಿಲ್ಲುವವನು ನಾನು, ಅಂದರೆ ಗುರು. ಹಿಂದೆ ನಾನಿದ್ದ ಒಂದು ಧರ್ಮಕೇಂದ್ರದಲ್ಲಿ ಚಾವಣಿಯ ದುರಸ್ತಿ ನಡೆಯುತ್ತಿದ್ದ ಒಂದೂವರೆ ವರ್ಷ ನಾನು ಕೈಗಳನ್ನು ಮೇಲೆತ್ತಿದಾಗ ಕಣ್ಣಿಗೆ ಬೀಳುತ್ತಿದ್ದುದು ಸೋರುವ ಹೆಂಚು, ಮನಸ್ಸಿನಲ್ಲಿ ಓಡುತ್ತಿದ್ದುದು ಸಿಮೆಂಟಿನ ಬಾಕಿ. ಆ ಅವಧಿಯಲ್ಲಿ ಜನ ನನ್ನ ಪೂಜೆ ಬಹಳ ಭಕ್ತಿಯಿಂದಿದೆ ಎಂದು ಹೊಗಳಿದ್ದೂ ಉಂಟು. ಆದ್ದರಿಂದ ಹೊರಗಿನಿಂದ ನೋಡಿ ಒಬ್ಬರ ಮುಖ ಬೇರೆಯಾಗಿದೆ, ಇನ್ನೊಬ್ಬರದು ಕಲ್ಲಾಗಿದೆ ಎಂದು ತೂಗುವುದರಲ್ಲಿ ನನಗೆ ನಂಬಿಕೆ ಉಳಿದಿಲ್ಲ.

ಇಲ್ಲಿ ಒಂದು ಪ್ರಾಯೋಗಿಕ ಮಾತನ್ನು ಸೇರಿಸಲೇಬೇಕು, ಏಕೆಂದರೆ ನಾವು ಗುರುಗಳು ಇದನ್ನು ಹಲವು ಸಲ ಮರೆತಿದ್ದೇವೆ. ಪೂಜೆಯಲ್ಲಿ ಮಾತ್ರ ಅಲ್ಲದೆ ಅಡುಗೆ, ಮಕ್ಕಳು, ಹಾಡು, ನೆಂಟರ ಮನೆ ಯಾವುದರಲ್ಲೂ ರುಚಿ ಇಲ್ಲವೆನ್ನಿಸಿದರೆ, ನಿದ್ರೆ ಹಸಿವು ಕೆಟ್ಟಿದ್ದರೆ, ವಿಪರೀತ ದಣಿವಿದ್ದರೆ, ಅದು ಭಕ್ತಿಯ ಪ್ರಶ್ನೆಯಾಗುವ ಮೊದಲು ದೇಹದ ಪ್ರಶ್ನೆ. ನಿಮ್ಮ ವಯಸ್ಸಿನ ಹೆಂಗಸರಲ್ಲಿ ಮುಟ್ಟು ನಿಲ್ಲುವ ಕಾಲದ ಏರುಪೇರು, ಥೈರಾಯ್ಡ್, ರಕ್ತಹೀನತೆ, ಖಿನ್ನತೆ ಇವೆಲ್ಲ ಸಾಮಾನ್ಯ, ಮತ್ತು ಚಿಕಿತ್ಸೆಗೆ ಬಗ್ಗುವಂಥವು. ಒಮ್ಮೆ ವೈದ್ಯರನ್ನು ಕಂಡು ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಮನಸ್ಸಿನ ಭಾರದ ಬಗ್ಗೆ ಮಾತಾಡಬೇಕೆನಿಸಿದರೆ ಸರ್ಕಾರದ ಟೆಲಿಮನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ಖಿನ್ನತೆಗೆ ಮಾತ್ರೆ ತೆಗೆದುಕೊಂಡವರ ವಿಶ್ವಾಸ ಕಡಿಮೆಯದು ಎಂದು ಹೇಳುವವರ ಮಾತಿಗೆ ಕಿವಿಗೊಡಬೇಡಿ.

ಇನ್ನು ಹತ್ತಿರ ಮತ್ತು ದೂರದ ವಿಷಯ. ನಿಮ್ಮ ಅಂಜಿಕೆಗೆ ಆಧಾರವಿಲ್ಲವೆಂದು ನಾನು ಹೇಳಲಾರೆ. ಹೊರಗಿನ ಸಾಮೀಪ್ಯ ಒಳಗಿನದನ್ನು ತಾನಾಗಿ ತರುವುದಿಲ್ಲ ಎಂಬುದನ್ನು ಧರ್ಮಗ್ರಂಥ ಆರಂಭದಿಂದ ಕೊನೆಯವರೆಗೆ ಹೇಳುತ್ತಲೇ ಬಂದಿದೆ. ಸಮುವೇಲನ ಮೊದಲ ಗ್ರಂಥದ 4ನೇ ಅಧ್ಯಾಯದಲ್ಲಿ ಯುದ್ಧದಲ್ಲಿ ಸೋತ ಇಸ್ರಯೇಲರು ಶಿಲೋವಿನಿಂದ ಒಡಂಬಡಿಕೆಯ ಮಂಜೂಷವನ್ನು, ಅಂದರೆ ದೇವರ ಸಾನ್ನಿಧ್ಯದ ಗುರುತಾಗಿದ್ದ ಪವಿತ್ರ ಪೆಟ್ಟಿಗೆಯನ್ನು, ಪಾಳೆಯಕ್ಕೆ ಹೊತ್ತು ತರುತ್ತಾರೆ. ದೇವರು ಇಷ್ಟು ಹತ್ತಿರವಿದ್ದ ಮೇಲೆ ಗೆಲುವು ನಮ್ಮದೇ ಎಂದು ನೆಲ ನಡುಗುವಂತೆ ಆರ್ಭಟಿಸುತ್ತಾರೆ. ಮರುಯುದ್ಧದಲ್ಲಿ ಮೊದಲಿಗಿಂತ ಹೀನಾಯವಾಗಿ ಸೋಲುತ್ತಾರೆ, ಮಂಜೂಷವೂ ಶತ್ರುಗಳ ಪಾಲಾಗುತ್ತದೆ. ಮತ್ತಾಯನ 2ನೇ ಅಧ್ಯಾಯದಲ್ಲಿ ಪೂರ್ವದ ಜ್ಞಾನಿಗಳು ಎಷ್ಟೋ ದೂರದಿಂದ ಜೆರುಸಲೇಮಿಗೆ ಬಂದು ಅರಸನಾಗಿ ಹುಟ್ಟಿದ ಮಗು ಎಲ್ಲಿ ಎಂದು ಕೇಳಿದಾಗ, ಮುಖ್ಯ ಯಾಜಕರೂ ಶಾಸ್ತ್ರಿಗಳೂ ಪ್ರವಾದಿಯ ವಾಕ್ಯ ಸಮೇತ ಬೆತ್ಲೆಹೇಮ್ ಎಂದು ಸರಿಯಾಗಿಯೇ ಉತ್ತರಿಸಿದರು. ಜೆರುಸಲೇಮಿನಿಂದ ಬೆತ್ಲೆಹೇಮಿಗೆ ಇರುವ ದಾರಿ ಮೈಸೂರಿನಿಂದ ಶ್ರೀರಂಗಪಟ್ಟಣಕ್ಕಿರುವ ದಾರಿಗಿಂತ ಕಡಿಮೆ. ಉತ್ತರ ಕೊಟ್ಟವರಲ್ಲಿ ಒಬ್ಬರೂ ಎದ್ದು ಹೋದ ಸುದ್ದಿ ಇಲ್ಲ. ಕೆಚ್ಚಲಿಗೆ ಅಂಟಿಕೊಂಡ ಉಣ್ಣೆಗೆ ಹಾಲಿನ ರುಚಿ ಗೊತ್ತಿಲ್ಲ ಎಂದು ನಮ್ಮ ಕಡೆ ದನ ಕಟ್ಟಿದವರೆಲ್ಲ ಬಲ್ಲರು.

ಆದರೆ ಈ ವಿಷಯದಲ್ಲಿ ನನ್ನನ್ನು ಅತಿ ಹೆಚ್ಚು ಕಾಡುವುದು ಯೇಸುಸ್ವಾಮಿಯ ಕೊನೆಯ ರಾತ್ರಿ. ಗೆತ್ಸೆಮನಿ ತೋಟದಲ್ಲಿ ಅವರಿಗೆ ಎಲ್ಲರಿಗಿಂತ ಹತ್ತಿರ ಇದ್ದವರು ಪೇತ್ರ, ಯಾಕೋಬ, ಯೊವಾನ್ನ ಎಂಬ ಮೂವರು ಆಪ್ತರು; ಸ್ವಾಮಿ ಬೆವರು ಸುರಿಸಿ ಪ್ರಾರ್ಥಿಸುತ್ತಿದ್ದಾಗ ಅವರು ನಿದ್ದೆ ಹೋದರು. ಆಮೇಲೆ, ಬೆಳ್ಳಿ ನಾಣ್ಯಗಳಿಗಾಗಿ ಸ್ವಾಮಿಯನ್ನು ಹಿಡಿದುಕೊಡಲು ಒಪ್ಪಿದ್ದ ಶಿಷ್ಯ ಯೂದ ಬಂದ. ಅವನು ಆ ರಾತ್ರಿ ಯಾರಿಗಿಂತಲೂ ಹತ್ತಿರ ಬಂದವನು, ಮುತ್ತಿಟ್ಟವನು. ಪೇತ್ರನ ಬಗ್ಗೆ ಲೂಕ ಬರೆಯುವುದು ಅವನು ದೂರದಿಂದ ಹಿಂಬಾಲಿಸಿದ ಎಂದು. ಅಂಗಳದ ಬೆಂಕಿಯ ಬಳಿ ಆತ ಮೂರು ಸಲ ಗುರುವನ್ನೇ ಅರಿಯೆನೆಂದ, ಕೋಳಿ ಕೂಗಿತು, ಸ್ವಾಮಿ ತಿರುಗಿ ನೋಡಿದರು, ಅವನು ಹೊರಗೆ ಹೋಗಿ ಬಿಕ್ಕಿ ಅತ್ತ. ಮುತ್ತಿಟ್ಟವನು ಕಳೆದುಹೋದ, ದೂರ ನಿಂತು ತಪ್ಪು ಮಾಡಿದವನು ಉಳಿದ. ಇಬ್ಬರ ನಡುವಿನ ವ್ಯತ್ಯಾಸ ಅಡಿ ಗಜಗಳದ್ದಾಗಿರಲಿಲ್ಲ. ಭಾವನೆಯದ್ದೆಂದು ಕೂಡ ಹೇಳಲಾಗದು, ಏಕೆಂದರೆ ಮತ್ತಾಯನ ಪ್ರಕಾರ ಯೂದನೂ ಪಶ್ಚಾತ್ತಾಪದಿಂದ ಬೆಳ್ಳಿ ನಾಣ್ಯಗಳನ್ನು ಹಿಂದಿರುಗಿಸಿದ. ಪೇತ್ರ ತಾನು ಕೆಡಿಸಿಕೊಂಡ ಸಂಬಂಧದ ಕಡೆಗೆ ಮರಳಿ ಬಂದ, ಯೂದ ಬರಲಿಲ್ಲ. ನನಗೆ ಕಾಣುವಷ್ಟರ ಮಟ್ಟಿಗೆ ಭೇದ ಇರುವುದು ಅಲ್ಲಿ.

ಇನ್ನೊಂದು ಸಂಗತಿಯನ್ನು ನೀವು ಪ್ರತಿ ಭಾನುವಾರ ನಿಮ್ಮ ಬಾಯಿಯಿಂದಲೇ ಹೇಳುತ್ತೀರಿ. ಪರಮಪ್ರಸಾದ ಸ್ವೀಕರಿಸುವ ಮುನ್ನ, ನೀವು ನನ್ನ ಬಳಿ ಬರಲು ನಾನು ಯೋಗ್ಯನಲ್ಲ, ಒಂದು ಮಾತು ಹೇಳಿದರೆ ಸಾಕು ಎಂಬ ಅರ್ಥದ ಪ್ರಾರ್ಥನೆ ಇದೆಯಲ್ಲ, ಅದು ಕಾಯಿಲೆ ಬಿದ್ದ ತನ್ನ ಆಳನ್ನು ಗುಣಪಡಿಸಿ ಎಂದು ಯೇಸುಸ್ವಾಮಿಯನ್ನು ಬೇಡಿದ ಕಫೆರ್ನವುಮಿನ ರೋಮನ್ ಶತಾಧಿಪತಿಯದು, ಅಂದರೆ ಸೈನ್ಯದ ಅಧಿಕಾರಿಯದು. ಅವನು ಯೆಹೂದ್ಯನಲ್ಲ, ಲೂಕನ 7ನೇ ಅಧ್ಯಾಯದ ಪ್ರಕಾರ ಅವನು ಎದುರಿಗೆ ಬರಲೂ ಇಲ್ಲ, ಸ್ನೇಹಿತರ ಮೂಲಕ ಹೇಳಿ ಕಳಿಸಿದ. ಇಂಥ ವಿಶ್ವಾಸವನ್ನು ಇಸ್ರಯೇಲಿನಲ್ಲಿಯೂ ಕಾಣಲಿಲ್ಲ ಎಂದು ಯೇಸುಸ್ವಾಮಿ ಬೆರಗಾದರು. ಅತ್ಯಂತ ಹತ್ತಿರ ಬರುವ ಕ್ಷಣದಲ್ಲಿ ಅತ್ಯಂತ ದೂರ ನಿಂತವನ ಮಾತನ್ನು ಧರ್ಮಸಭೆ ನಮ್ಮ ಬಾಯಿಗೆ ಕೊಟ್ಟಿದೆ. ಇದನ್ನು ಯೋಚಿಸಿದಾಗಲೆಲ್ಲ ನನಗೆ ನನ್ನ ಪೂಜಾವಸ್ತ್ರ ಸ್ವಲ್ಪ ಭಾರವಾಗುತ್ತದೆ.

ಹಾಗೆಂದು ಹೊರಗಿನದೆಲ್ಲ ಬೇಡ ಎಂಬ ತೀರ್ಮಾನಕ್ಕೆ ಜಿಗಿಯಬಾರದು. ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಹೆಂಗಸು ಮನೆಯಲ್ಲಿ ಕೂತು ಮನಸ್ಸಿನಲ್ಲೇ ನಂಬಲಿಲ್ಲ, ಗುಂಪಿನೊಳಗೆ ನುಗ್ಗಿ ಯೇಸುಸ್ವಾಮಿಯ ಬಟ್ಟೆಯ ಅಂಚನ್ನು ಮುಟ್ಟಿದಳು. ನೂರು ಜನ ಮೈಗೆ ಮೈ ತಾಗಿಸಿ ಒತ್ತುತ್ತಿದ್ದರೂ ಮುಟ್ಟಿದವಳು ಅವಳೊಬ್ಬಳೇ ಎಂದು ಸ್ವಾಮಿ ಹೇಳಿದರೆಂಬುದು ನಿಜ, ಆದರೆ ಅವಳೂ ಮುಟ್ಟಿಯೇ ಮುಟ್ಟಿದಳು. ಕ್ರೈಸ್ತ ಆರಾಧನೆ ನೀರು, ಎಣ್ಣೆ, ರೊಟ್ಟಿ, ದ್ರಾಕ್ಷಾರಸ, ಹಾಡು, ಮೊಣಕಾಲುಗಳನ್ನು ಬಿಟ್ಟು ನಡೆಯುವಂಥದ್ದಲ್ಲ. ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರು ತಮ್ಮ ಸನ್ಯಾಸಿಗಳಿಗೆ ಹಾಡುವಾಗ ಮನಸ್ಸು ದನಿಗೆ ಹೊಂದಿಕೊಳ್ಳಲಿ ಎಂದರು. ದನಿ ಮೊದಲು ಹೋಗುತ್ತದೆ, ಮನಸ್ಸು ಹಿಂದೆ ಬರುತ್ತದೆ ಎಂಬ ಅನುಭವ ಆ ಮಾತಿನಲ್ಲಿದೆ. ಎಷ್ಟೋ ದಿನ ಅದು ಬರುವುದೇ ಇಲ್ಲ. ವಿಶ್ವೇಶ್ವರಯ್ಯ ನಾಲೆಯ ಪಕ್ಕದಲ್ಲೇ ಗದ್ದೆ ಇದ್ದರೂ ತೂಬು ಮುಚ್ಚಿದ್ದರೆ ಪೈರು ಒಣಗುತ್ತದೆ; ಅದಕ್ಕೆ ಯಾರೂ ಗದ್ದೆಯನ್ನು ನಾಲೆಯಿಂದ ದೂರ ಒಯ್ಯುವುದಿಲ್ಲ, ತೂಬಿನಲ್ಲಿ ಏನು ಸಿಕ್ಕಿಕೊಂಡಿದೆ ಎಂದು ಕೈ ಹಾಕಿ ನೋಡುತ್ತಾರೆ.

ನಿಮಗೆ ಬಂದ ಸಲಹೆಗಳ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ. ಡೋರ್ನಹಳ್ಳಿಗೆ ಹೋಗಬೇಡಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ರೈತನೊಬ್ಬನ ನೇಗಿಲಿಗೆ ಸಂತ ಅಂತೋಣಿಯವರ ಪ್ರತಿಮೆ ಸಿಕ್ಕಿತೆಂಬ ಪ್ರತೀತಿಯಿಂದ ಬೆಳೆದ ಆ ಕ್ಷೇತ್ರ 2019ರಲ್ಲಿ ಬಸಿಲಿಕಾ ಆಯಿತು. ಅಲ್ಲಿಗೆ ಎಲ್ಲ ಮತದವರೂ ಬರುತ್ತಾರೆ, ನಾನೂ ನಡೆದು ಹೋದದ್ದುಂಟು. ಆದರೆ ಒಂಬತ್ತು ಮಂಗಳವಾರ ಕಟ್ಟಿದರೆ ಭಕ್ತಿ ಮರಳುತ್ತದೆ ಎಂಬುದು ಮಂಜೂಷವನ್ನು ಯುದ್ಧಕ್ಕೆ ಹೊತ್ತವರ ಲೆಕ್ಕವೇ. ಹತ್ತನೆಯ ಮಂಗಳವಾರ ಮನಸ್ಸು ಹಾಗೆಯೇ ಇದ್ದರೆ ನೀವು ಇನ್ನಷ್ಟು ಕುಗ್ಗುತ್ತೀರಿ. ಫಿಲೋಮಿನಾ ಚರ್ಚಿನ ನೆಲಮಾಳಿಗೆಯಲ್ಲಿ ಕಲ್ಲಾಗಿ ನಿಂತದ್ದಕ್ಕೂ ಕೊರಗಬೇಡಿ. ಆ ಸಂತಳ ಅವಶೇಷಗಳು ರೋಮಿನ ಭೂಗತ ಸಮಾಧಿಗಳಲ್ಲಿ ಸಿಕ್ಕಿದ್ದು 1802ರಲ್ಲಿ. ಅವಳ ಜೀವನದ ಬಗ್ಗೆ ಖಚಿತ ಚಾರಿತ್ರಿಕ ದಾಖಲೆ ಇಲ್ಲದ ಕಾರಣ 1961ರಲ್ಲಿ ಧರ್ಮಸಭೆಯೇ ಅವಳ ಹಬ್ಬವನ್ನು ಆರಾಧನಾ ಪಂಚಾಂಗದಿಂದ ತೆಗೆಯಿತು. ಅಲ್ಲಿ ಅಳುವವರನ್ನು ನಾನು ಎಂದೂ ಹಗುರವಾಗಿ ಕಂಡಿಲ್ಲ, ಆದರೆ ಅಲ್ಲಿ ಕಣ್ಣೀರು ಬರಲೇಬೇಕು ಎಂಬ ವಿಧಿ ಯಾವ ಕಾಲದಲ್ಲೂ ಇರಲಿಲ್ಲ. ತಲೆಯ ಮೇಲೆ ಕೈ ಇಡುವ ಬೋಧಕರ ವಿಷಯದಲ್ಲಿ ಮಾತ್ರ ಎಚ್ಚರಿಕೆ ಹೇಳುತ್ತೇನೆ. ಪ್ರಾರ್ಥಿಸಲು ಯಾರ ಕೈಯಾದರೂ ಆಗಬಹುದು. ಆ ಕೈ ಒಬ್ಬರದೇ ಆಗಿರಬೇಕು, ಮುಂದಿನ ಸಾಲಿನಲ್ಲೇ ಕೂರಬೇಕು, ಕಾಣಿಕೆ ಇಷ್ಟಿರಬೇಕು, ಮನೆಯ ಗುಟ್ಟನ್ನು ಎಲ್ಲರೆದುರು ಹೇಳಬೇಕು ಎಂದು ಶುರುವಾದರೆ ಎದ್ದು ಬನ್ನಿ.

ಎಲ್ಲ ಬಿಟ್ಟು ಮನೆಯಲ್ಲಿ ಕೂರುವ ಆಲೋಚನೆಗೆ ಬರೋಣ. ಬಾಗಿಲು ಮುಚ್ಚಿ ಅಂತರಂಗದಲ್ಲಿರುವ ತಂದೆಗೆ ಪ್ರಾರ್ಥಿಸಿ ಎಂದು ಸ್ವಾಮಿಯೇ ಹೇಳಿದ್ದಾರೆ, ನಿಜ. ಹೇಳಿದವರು ಯೆಹೂದ್ಯರ ವಿಶ್ರಾಂತಿ ದಿನವಾದ ಪ್ರತಿ ಸಬ್ಬತ್ತಿಗೂ ಸಭಾಮಂದಿರಕ್ಕೆ ಹೋಗುತ್ತಿದ್ದರು ಎಂಬುದೂ ನಿಜ. ಇಗ್ನಾಸಿಯವರ ನಿಯಮ ಇಲ್ಲಿ ನನಗೆ ತುಂಬ ಉಪಯೋಗಕ್ಕೆ ಬಂದಿದೆ: ಮನಸ್ಸು ಬತ್ತಿರುವ ಕಾಲದಲ್ಲಿ ಮೊದಲಿನ ಒಳ್ಳೆಯ ತೀರ್ಮಾನಗಳನ್ನು ಬದಲಿಸಬೇಡಿ. ಬತ್ತಿದಾಗ ಬಿಟ್ಟವರಲ್ಲಿ ಹಲವರು ಮೊದಲ ಕೆಲವು ವಾರ ಹಗುರಾದಂತೆ ಕಂಡರು, ಆರು ತಿಂಗಳಲ್ಲಿ ಮನೆಯ ಪ್ರಾರ್ಥನೆಯೂ ನಿಂತಿತು. ಮತ್ತೊಂದು ಅಪಾಯವೂ ಇದೆ. ಹೊರಗಿನ ಸೇವೆ ಮಾಡುವವರೆಲ್ಲ ತೋರಿಕೆಯವರು, ನಾನು ಮಾತ್ರ ಒಳಗಿನ ಭಕ್ತ ಎಂಬ ಭಾವ ಬೇಗ ಬೇರು ಬಿಡುತ್ತದೆ. ಲೂಕನ 18ನೇ ಅಧ್ಯಾಯದಲ್ಲಿ, ನಾನು ಈ ಸುಂಕದವನಂತಲ್ಲ ಎಂದು ದೇವರೆದುರು ಹೆಮ್ಮೆಪಟ್ಟ ಫರಿಸಾಯನೆಂಬ ಧರ್ಮನಿಷ್ಠನ ಮತ್ತು ದೂರ ನಿಂತ ಸುಂಕದವನ ಕಥೆ ಓದಿದ ಮೇಲೆ, ದೇವರೇ ನಾನು ಆ ಫರಿಸಾಯನಂತಲ್ಲ ಎಂದು ಕೃತಜ್ಞತೆ ಸಲ್ಲಿಸುವವರನ್ನು ನಾನು ಬಹಳ ಕಂಡಿದ್ದೇನೆ.

ನಾನು ಸೂಚಿಸುವುದು ಸಣ್ಣ ಬದಲಾವಣೆ. ಯಾರಿಗೂ ಕಾಣದ ಬಟ್ಟೆ ಒಗೆಯುವ ಕೆಲಸವನ್ನು ಉಳಿಸಿಕೊಳ್ಳಿ. ಎಲ್ಲರಿಗೂ ಕಾಣುವ ಒಂದನ್ನು, ತೇರಿನ ಮುಂದಿನ ಜಾಗವನ್ನೋ ಹೂವಿನ ಜವಾಬ್ದಾರಿಯನ್ನೋ, ಒಂದು ವರ್ಷದ ಮಟ್ಟಿಗೆ ಬೇರೆಯವರಿಗೆ ಕೊಡಿ. ಗಾನವೃಂದದಲ್ಲಿ ತಿಂಗಳಿಗೆ ಒಂದು ಭಾನುವಾರ ರಜೆ ಕೇಳಿ ಜನರ ಮಧ್ಯೆ ಕೂತು ಪೂಜೆ ಕೇಳಿ. 26 ವರ್ಷಗಳಲ್ಲಿ ನೀವು ಬಹುಶಃ ಒಮ್ಮೆಯೂ ಕೆಲಸವಿಲ್ಲದೆ ಪೂಜೆಯಲ್ಲಿ ಕೂತಿಲ್ಲ. ದಿನಕ್ಕೆ ಹದಿನೈದು ನಿಮಿಷ ಖಾಲಿ ಚರ್ಚಿನಲ್ಲಿ ಸುಮ್ಮನೆ ಕೂರಬಹುದು, ಪಕ್ಕದ ಮನೆಯಲ್ಲಿರುವುದರ ಲಾಭ ಅದು. ಇದಕ್ಕೂ ಅಪಾಯಗಳಿವೆ: ಜನ ಮಾತಾಡಿಕೊಳ್ಳುತ್ತಾರೆ, ಯಜಮಾನರಿಗೆ ಇರುಸುಮುರುಸಾಗಬಹುದು, ನಿಮ್ಮ ಹೂವಿಗಿಂತ ಹೊಸಬರ ಹೂವು ಚೆನ್ನಾಗಿದೆ ಎಂದು ಯಾರಾದರೂ ಅಂದರೆ ನೋವಾಗುತ್ತದೆ. ಆ ನೋವು ಎಷ್ಟು ಆಳಕ್ಕೆ ಹೋಗುತ್ತದೆ ಎಂಬುದು ನಿಮಗೆ ಯಾವ ಗುರುವೂ ಕೊಡಲಾಗದ ಮಾಹಿತಿ.

ಈಗ ಆವರಣ ಚಿಹ್ನೆಯೊಳಗಿನ ಮಾತು. ಮೂರು ವರ್ಷದಿಂದ ಆ ಮನೆಗೆ ಹೋಗಿಲ್ಲ, ಆ ವಿಷಯ ಬೇಡ ಎಂದಿದ್ದೀರಿ. ಜಗಳ ಯಾವುದರದೆಂದು ನನಗೆ ಗೊತ್ತಿಲ್ಲ. ಹೊಲದ ಪಾಲಿನದೋ, ಅತ್ತೆಯನ್ನು ಯಾರು ನೋಡಿಕೊಳ್ಳಬೇಕೆಂಬುದೋ, ಯಾರೋ ಆಡಿದ ಒಂದು ಮಾತಿನದೋ ಇರಬಹುದು. ತಪ್ಪು ನಿಮ್ಮದೇ ಎಂದು ನಾನು ಹೇಳುತ್ತಿಲ್ಲ, ಇಗ್ನಾಸಿಯವರ ಮೂರು ಕಾರಣಗಳಲ್ಲಿ ನಿಮ್ಮದು ಯಾವುದೆಂದು ಪತ್ರ ಓದಿ ತೀರ್ಪು ಕೊಡಲೂ ಸಾಧ್ಯವಿಲ್ಲ. ಮೂರು ವರ್ಷದ ಹಿಂದೆ ಹೋಗುವುದು ನಿಂತಿತು, ಎರಡು ವರ್ಷದ ಹಿಂದೆ ಮನಸ್ಸು ಬತ್ತಿತು ಎಂದು ನೀವೇ ಬರೆದ ಲೆಕ್ಕವನ್ನು ಮಾತ್ರ ನಿಮ್ಮ ಮುಂದೆ ಇಡುತ್ತೇನೆ. ಮಾರ್ಕನ 7ನೇ ಅಧ್ಯಾಯದಲ್ಲಿ ದೇವರ ಹೆಸರಿನಲ್ಲಿ ದೂರ ಉಳಿದದ್ದು ಹೆತ್ತವರಿಂದ ಎಂಬುದನ್ನು ಆಗ ಮನಸ್ಸಿನಲ್ಲಿಟ್ಟುಕೊಳ್ಳಿ ಎಂದದ್ದು ಇದಕ್ಕೇ. ಬಲಿಪೀಠದ ಮುಂದೆ ಕಾಣಿಕೆ ಅರ್ಪಿಸುವಾಗ ಸಹೋದರನಿಗೆ ನಿನ್ನ ಮೇಲೆ ಏನೋ ಇದೆಯೆಂದು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಸಂಧಾನ ಮಾಡಿಕೊ ಎಂಬ ಮಾತು ಮತ್ತಾಯನ 5ನೇ ಅಧ್ಯಾಯದಲ್ಲಿದೆ. ಅವನ ಮೇಲೆ ನಿನಗೆ ಕೋಪವಿದ್ದರೆ ಎಂದು ಅಲ್ಲಿಲ್ಲ. ತಪ್ಪು ಯಾರದೆಂಬ ವಿಚಾರಣೆಯನ್ನೇ ಎತ್ತದೆ ಹೋಗು ಎಂದಿದೆ. ನಿಮ್ಮ ಓರಗಿತ್ತಿ ಪೂಜೆ ತಪ್ಪಿಸುತ್ತಾರೆ ಎಂಬ ಭಾವ ನಿಮ್ಮ ಪತ್ರದಲ್ಲಿ ಎಲ್ಲೋ ಇದ್ದರೆ ಅದನ್ನು ತೆಗೆದುಬಿಡಿ: ರೋಗಿಯನ್ನು ಬಿಟ್ಟು ಬರಲಾಗದವರಿಗೆ ಭಾನುವಾರದ ಪೂಜೆಯ ಕಟ್ಟಳೆ ಅನ್ವಯಿಸುವುದಿಲ್ಲ. ಅವರು ನೋಡಿಕೊಳ್ಳುತ್ತಿರುವುದು ನಿಮ್ಮ ಅತ್ತೆಯನ್ನೂ ಹೌದು.

ಹೋಗುವುದಾದರೆ ಕೆಲವು ಎಚ್ಚರಿಕೆ. ಮೊದಲ ಸಲ ನಿಮ್ಮ ಧರ್ಮಕೇಂದ್ರದ ಗುರುಗಳನ್ನು ಜೊತೆಗೆ ಕರೆದೊಯ್ಯಬೇಡಿ, ಭೇಟಿ ಪಂಚಾಯ್ತಿಯಾಗುತ್ತದೆ. ಅತ್ತೆಗೆ ಪರಮಪ್ರಸಾದ ತಲುಪಿಸುವ ಏರ್ಪಾಡನ್ನು ಆಮೇಲೆ ಕೇಳಿಕೊಳ್ಳಿ. ಪಾಲಿನ ಕಾಗದದ ಮಾತನ್ನು ಅಂದು ಎತ್ತಬೇಡಿ. ಕ್ಷಮಿಸುವುದೆಂದರೆ ಹಕ್ಕು ಬಿಡುವುದಲ್ಲ, ಅದನ್ನು ಗಂಡಸರೂ ವಕೀಲರೂ ಇನ್ನೊಂದು ದಿನ ಕೂತು ಮಾತಾಡಲಿ. ಅಲ್ಲಿ ಮಾತು ಕಹಿಯಾಗಬಹುದು, ಮುಖ ತಿರುಗಿಸಬಹುದು, ಇಷ್ಟು ದಿನ ಎಲ್ಲಿದ್ದೆ ಎಂದು ಅತ್ತೆಯೇ ಕೇಳಬಹುದು. ಮನಸ್ಸು ಅಂದೇ ಚಿಗುರುತ್ತದೆ ಎಂದು ನಾನು ಮಾತು ಕೊಡಲಾರೆ. ಚಿಗುರಲಿ ಎಂದು ಹೋಗುವುದಾದರೆ ಅದೂ ಒಂಬತ್ತು ಮಂಗಳವಾರದ ಲೆಕ್ಕವೇ ಆದೀತು. ಅತ್ತೆಯ ತಲೆ ಬಾಚುವುದೋ ಹಾಸಿಗೆ ಬಟ್ಟೆ ಒಗೆಯುವುದೋ ಏನಾದರೂ ಕೆಲಸ ಕಣ್ಣಿಗೆ ಬಿದ್ದರೆ ಓರಗಿತ್ತಿಯನ್ನು ಕೇಳಿ ಮಾಡಿ. ಬಟ್ಟೆ ಒಗೆಯುವುದರಲ್ಲಿ ನಿಮಗೆ 26 ವರ್ಷದ ಅನುಭವವಿದೆಯಲ್ಲ. ಮಂಡ್ಯದಿಂದ ಮದ್ದೂರಿಗೆ ಬಸ್ಸಿನಲ್ಲಿ ಹೆಚ್ಚು ಹೊತ್ತಿನ ದಾರಿಯಲ್ಲ. ಶನಿವಾರವೇ ಹೊರಡಿ, ಮತ್ತು ಭಾನುವಾರದ ಹೂವಿಗೆ ಮಾರುಕಟ್ಟೆಯಲ್ಲಿ ಒಳ್ಳೆಯ ಸೇವಂತಿಗೆ ಯಾರ ಬಳಿ ಸಿಗುತ್ತದೆ ಎಂದು ಗಾನವೃಂದದ ಹುಡುಗಿಯರಲ್ಲಿ ಒಬ್ಬಳಿಗೆ ಹಿಂದಿನ ದಿನವೇ ತೋರಿಸಿಕೊಟ್ಟು ಹೋಗಿ.